ಆಕಾಶಕ್ಕೆ ಅಂಚು ಕಟ್ಟುವ ಶಿಲ್ಪ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬಯಲು ಶಿಲ್ಪಗಳ ಬಗ್ಗೆ ಬರೆಯುತ್ತ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಎಂಬ ಊರಿನ ವಿಶ್ವವಿದ್ಯಾಲಯದ ಅಂಗಳದಲ್ಲಿರುವ ಒಂದು ಕೃತಿಯ ಚಿತ್ರವನ್ನು ಕೊಟ್ಟಿದ್ದೆವು. ಶಿಲ್ಪಿ ಇಸಾಮು ನೊಗುಚಿ 1969ರಲ್ಲಿ ಮಾಡಿದ ಆ ಕೃತಿಗೆ ‘ಆಕಾಶ ನೋಡುವ ಶಿಲ್ಪ’ ಎಂದೇ ಹೆಸರು. ಕೆಂಪು ಇಟ್ಟಿಗೆ ಹಾಸಿದ ಚೌಕದಲ್ಲಿ ಓರೆಯಾಗಿ ನಿಂತಿರುವ, ಮೈಯಲ್ಲಿ ದೊಡ್ಡ ದುಂಡು ಕಂಡಿಗಳಿರುವ ಕಪ್ಪು ಲೋಹದ ಘನಾಕೃತಿ ಅದು. ನೋಡುವವರು ಅದರ ಕೆಳಗೆ ಹೋಗಿ ನಿಂತು ತಲೆಯೆತ್ತಬೇಕು. ಆ ಚಿತ್ರ ನೋಡಿ ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು, ಈ ಸಲದ ಪುಟಗಳನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇವೆ.

ಮಾನ್ಯರೇ, ಲೋಹದ ಪೆಟ್ಟಿಗೆಗೆ ತೂತು ಕೊರೆದು ಅದರೊಳಗಿಂದ ಮೇಲೆ ನೋಡಿ ಎನ್ನುವುದರಲ್ಲಿ ಶಿಲ್ಪಿಯ ಕೆಲಸ ಎಷ್ಟು? ಅದೇ ಆಕಾಶ ಪೆಟ್ಟಿಗೆಯ ಹೊರಗೂ ಇದೆಯಲ್ಲ? — ನಿವೃತ್ತ ಇಂಜಿನಿಯರ್, ವಿಜಯಪುರ

ಹೊರಗಿರುವುದು ಅದೇ ಆಕಾಶವೆಂಬುದು ನಿಜ, ಆದರೆ ಹೊರಗೆ ಅದಕ್ಕೆ ಅಂಚಿಲ್ಲ. ತಾವು ಇಂಜಿನಿಯರ್ ಆಗಿದ್ದವರಾದ್ದರಿಂದ ಅಳತೆಯ ಮಾತಿನಲ್ಲಿಯೇ ಹೇಳುವುದಾದರೆ, ಚಲನೆಯನ್ನು ಗುರುತಿಸಲು ಕಣ್ಣಿಗೆ ಚಲಿಸದ ಒಂದು ಗೆರೆ ಬೇಕು. ವಿಜಯಪುರದ ಸುತ್ತಲಿನ ಎರೆಭೂಮಿಯಲ್ಲಿ ನಿಂತು ತಲೆಯೆತ್ತಿದರೆ ಎತ್ತರದ ತೆಳು ಮೋಡಗಳು ನಿಂತಲ್ಲೇ ನಿಂತಂತೆ ಕಾಣುತ್ತವೆ, ಏಕೆಂದರೆ ಅವುಗಳ ಪಕ್ಕದಲ್ಲಿ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಅದೇ ಮೋಡವನ್ನು ಒಂದು ಕಂಡಿಯ ಅಂಚಿಗೆ ಹೊಂದಿಸಿಕೊಂಡು ನೋಡಿದರೆ ಅದು ಅಂಚಿನಿಂದ ಒಳಗೆ ಬರುವುದು, ನಡುವೆ ಬಂದು ಹರಿದುಹೋಗುವುದು, ಇನ್ನೊಂದು ಅಂಚಿನಲ್ಲಿ ಮರೆಯಾಗುವುದು ಎಲ್ಲವೂ ಕೆಲವೇ ನಿಮಿಷಗಳಲ್ಲಿ ಕಾಣಿಸುತ್ತದೆ. ಶಿಲ್ಪಿಯ ಕೆಲಸದ ಮುಕ್ಕಾಲು ಪಾಲು ಆ ಅಂಚಿನಲ್ಲಿದೆ. ಅದು ಎಲ್ಲಿರಬೇಕು, ಎಷ್ಟು ತೆಳುವಾಗಿರಬೇಕು, ನೋಡುವವನ ಕಣ್ಣಿನಿಂದ ಎಷ್ಟು ದೂರವಿರಬೇಕು ಎಂಬ ನಿರ್ಧಾರಗಳಲ್ಲಿದೆ.

ಬಣ್ಣದ ವಿಷಯವೂ ಇದೆ. ನೆತ್ತಿಯ ಮೇಲಿನ ಆಕಾಶ ದಿಗಂತದ ಬಳಿಯ ಆಕಾಶಕ್ಕಿಂತ ಗಾಢವಾದ ನೀಲಿಯಾಗಿರುತ್ತದೆ, ಏಕೆಂದರೆ ದಿಗಂತದ ದಿಕ್ಕಿನಿಂದ ಬರುವ ಬೆಳಕು ಬಹಳ ದೂರದ ಗಾಳಿ, ದೂಳು ಮತ್ತು ತೇವವನ್ನು ಹಾದು ಬರುವಾಗ ಬಿಳಿಚಿಕೊಳ್ಳುತ್ತದೆ. ನಾವು ನಡೆಯುವಾಗ, ಗಾಡಿ ಓಡಿಸುವಾಗ ಕಾಣುವುದು ಈ ಬಿಳಿಚಿದ ಭಾಗವನ್ನು ಮಾತ್ರ. ಕಂಡಿಯು ದಿಗಂತವನ್ನು ಮರೆಮಾಡಿ ನೆತ್ತಿಯ ತುಂಡೊಂದನ್ನು ಮಾತ್ರ ಉಳಿಸಿದಾಗ, ಸುತ್ತಲಿನ ಕಪ್ಪು ಲೋಹದ ಎದುರು ಆ ನೀಲಿ ಇನ್ನಷ್ಟು ಗಾಢವಾಗಿ ಕಾಣುತ್ತದೆ. ನೊಗುಚಿ ಆ ಕೃತಿಗೆ ಕಪ್ಪನ್ನು ಆಯ್ದದ್ದು ಅಲಂಕಾರಕ್ಕಾಗಿ ಎಂದು ನನಗೆ ಅನಿಸುವುದಿಲ್ಲ.

ಈ ಶಿಲ್ಪಿ ಅದಕ್ಕೆ ಒಂದು ವರ್ಷ ಮೊದಲು, 1968ರಲ್ಲಿ, ನ್ಯೂಯಾರ್ಕ್ ನಗರದ ಬ್ರಾಡ್‌ವೇ ರಸ್ತೆಯಲ್ಲಿ ‘ಕೆಂಪು ಘನ’ ಎಂಬ ಇನ್ನೊಂದು ಕೃತಿಯನ್ನು ನಿಲ್ಲಿಸಿದ್ದರು. ಅದೂ ಮೂಲೆಯ ಮೇಲೆ ನಿಂತ ಘನಾಕೃತಿಯೇ, ಅದಕ್ಕೂ ಮೈಯ ನಡುವೆ ಆರಪಾರ ಕಂಡಿಯಿದೆ. ಆದರೆ ಆ ಕಂಡಿಯಲ್ಲಿ ಕಣ್ಣಿಟ್ಟರೆ ಹಿಂದಿನ ಎತ್ತರದ ಕಟ್ಟಡದ ಒಂದು ಭಾಗ ಕಾಣುತ್ತದೆ. ಹೆಚ್ಚುಕಡಿಮೆ ಒಂದೇ ಆಕಾರವನ್ನು ಇಟ್ಟುಕೊಂಡು ಒಂದು ಕಡೆ ಕಟ್ಟಡವನ್ನೂ ಇನ್ನೊಂದು ಕಡೆ ಆಕಾಶವನ್ನೂ ನೋಡಿಸಿದ ಈ ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಯೋಚಿಸಿದರೆ ತಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಇದಕ್ಕೆ ನಮ್ಮ ದೇಶದ ನಂಟೂ ಇದೆ. ನೊಗುಚಿ 1949ರಲ್ಲಿ ಭಾರತಕ್ಕೆ ಬಂದಾಗ ದೆಹಲಿ ಮತ್ತು ಜೈಪುರದ ಜಂತರ್ ಮಂತರ್‌ಗಳನ್ನು ಸುತ್ತಾಡಿ ಛಾಯಾಚಿತ್ರಗಳನ್ನು ತೆಗೆದುಕೊಂಡಿದ್ದರು. ಸವಾಯಿ ಜಯಸಿಂಗನು 18ನೆಯ ಶತಮಾನದಲ್ಲಿ ಖಗೋಳ ವೀಕ್ಷಣೆಗೆಂದು ಕಟ್ಟಿಸಿದ ಆ ಯಂತ್ರಗಳು ಶಿಲ್ಪಗಳಾಗಲೆಂದು ಹುಟ್ಟಿದವಲ್ಲ. ಆದರೂ ಜೈಪುರದ ಸಮ್ರಾಟ್ ಯಂತ್ರದ ಸುಮಾರು 27 ಮೀಟರ್ ಎತ್ತರದ ಓರೆಗೋಡೆಯ ಮೆಟ್ಟಿಲುಗಳ ಬುಡದಲ್ಲಿ ನಿಂತವನಿಗೆ ಕಣ್ಣನ್ನು ಮೇಲಕ್ಕೆ ಕೊಂಡೊಯ್ಯದೆ ಬೇರೆ ದಾರಿಯಿರುವುದಿಲ್ಲ. ಜಯಪ್ರಕಾಶ ಯಂತ್ರ ಇದಕ್ಕೆ ತಿರುವುಮುರುವು: ನೆಲದೊಳಗೆ ಇಳಿಸಿದ ಅಮೃತಶಿಲೆಯ ಅರ್ಧಗೋಳ ಅದು, ಮೇಲೆ ಎಳೆದು ಕಟ್ಟಿದ ತಂತಿಗಳ ನಡುವಿನ ನೆರಳು ಅದರ ಮೈಮೇಲೆ ಬಿದ್ದು, ಸೂರ್ಯ ಆಕಾಶದಲ್ಲಿ ಎಲ್ಲಿದ್ದಾನೆ ಎಂಬುದನ್ನು ಕಾಲಬುಡದಲ್ಲಿ ತೋರಿಸುತ್ತದೆ. ಆಕಾಶ ನೋಡುವ ಶಿಲ್ಪದ ವಂಶಾವಳಿ ಬರೆಯುವವರು ಜೈಪುರದಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ನಮ್ಮ ಭಾಗದ ರೈತರು ದಿನಾ ಮುಗಿಲು ನೋಡಿಕೊಂಡೇ ಬದುಕುವವರು. ಆಕಾಶ ನೋಡಲು ಕಲಿಸುವ ಶಿಲ್ಪ ಪ್ಯಾಟಿ ಮಂದಿಗಷ್ಟೇ ಬೇಕೇನೋ ಎಂದು ನನಗೆ ಅನಿಸಿತು. ತಪ್ಪಿದ್ದರೆ ತಿಳಿಸಿರಿ. — ರೈತರು, ಜಮಖಂಡಿ ತಾಲ್ಲೂಕು

ತಾವು ಹೇಳಿದ್ದರಲ್ಲಿ ಹೆಚ್ಚಿನ ಪಾಲು ಸರಿಯಾಗಿಯೇ ಇದೆ. ನಗರದಲ್ಲಿ ಆಕಾಶ ಕಟ್ಟಡಗಳ ನಡುವಿನ ಪಟ್ಟಿಯಾಗಿ ಉಳಿದಿರುವ ಕಡೆಗಳಲ್ಲಿಯೇ ಇಂಥ ಕೃತಿಗಳಿಗೆ ಬೇಡಿಕೆ ಹೆಚ್ಚು. ಆದರೆ ಮಳೆಗಾಗಿ ನೋಡುವ ನೋಟಕ್ಕೂ ಈ ಶಿಲ್ಪಗಳು ಬಯಸುವ ನೋಟಕ್ಕೂ ದಿಕ್ಕಿನ ವ್ಯತ್ಯಾಸವಿದೆ. ಮುಂಗಾರಿನಲ್ಲಿ ತಮ್ಮ ಕಣ್ಣು ಹೋಗುವುದು ಪಡುವಣ ಮತ್ತು ನೈಋತ್ಯದ ಅಂಚಿಗೆ. ಅಲ್ಲಿ ಮೋಡ ಕಟ್ಟಿತೇ, ಮಿಂಚಿತೇ, ಗಾಳಿ ತಿರುಗಿತೇ ಎಂಬುದನ್ನು ತಾವು ಓದಿ ತಿಳಿಯುತ್ತೀರಿ. ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ನಮ್ಮ ಸೀಮೆಯಲ್ಲಿ ನೆತ್ತಿಯ ಮೇಲೆ ಬಂದ ಮೋಡ ಹನಿಯುದುರಿಸದೆ ಮುಂದೆ ಹೋಗುವುದು ಹೊಸತೇನಲ್ಲವಾದ್ದರಿಂದ ಅದನ್ನು ಯಾರೂ ನಿಂತು ನೋಡುವುದಿಲ್ಲ. ಶಿಲ್ಪಿಗಳು ತೋರಿಸಹೊರಟಿರುವುದು ಆ ಬಿಟ್ಟುಹೋದ ನೆತ್ತಿಯ ಭಾಗವನ್ನು. ಮಳೆ ನಕ್ಷತ್ರಗಳ ವಿಚಾರದಲ್ಲಿ ತಮಗೆ ಗೊತ್ತಿರುವುದು ಎಷ್ಟೋ ಶಿಲ್ಪಿಗಳಿಗೆ ಗೊತ್ತಿಲ್ಲ. ಅದನ್ನು ಈ ಪುಟಗಳ ಕೊನೆಯಲ್ಲಿರುವ ಶಿಕ್ಷಕರ ಪ್ರಶ್ನೆಗೆ ಉತ್ತರಿಸುವಾಗ ಬಳಸಿಕೊಳ್ಳುತ್ತೇನೆ.

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಕಟ್ಟಿದ ನಮ್ಮ ರೂವಾರಿಗಳು ಆಕಾಶದ ಬಗ್ಗೆ ಯೋಚಿಸಿದ್ದರೇ? — ಪದವಿ ವಿದ್ಯಾರ್ಥಿನಿ, ಬಾದಾಮಿ

ಯೋಚಿಸಿದ್ದರು, ಆದರೆ ಅವರು ಆಕಾಶಕ್ಕೆ ಕಂಡಿ ತೆರೆಯದೆ ಅದನ್ನೇ ಕಲ್ಲಿನ ಮಾಳಿಗೆಯ ಒಳಮೈಯಲ್ಲಿ ಕೆತ್ತಿದರು. ನಿಮ್ಮ ಊರಿನ ಮೂರನೆಯ ಗುಹೆಯನ್ನೇ ನೋಡಿ. ಚಾಲುಕ್ಯ ವಂಶದ ಮಂಗಳೇಶನ ಶಾಸನದಿಂದಾಗಿ ಅದು ಶಕ 500, ಅಂದರೆ ಕ್ರಿ.ಶ. 578ರದೆಂದು ನಿಖರವಾಗಿ ಗೊತ್ತು. ಅಲ್ಲಿಯ ವಿಷ್ಣುವಿನ ದೊಡ್ಡ ವಿಗ್ರಹಗಳನ್ನು ನೋಡಿ ಹಿಂದಿರುಗುವವರೇ ಹೆಚ್ಚು. ತಲೆಯೆತ್ತಿದವರಿಗೆ ಮಾತ್ರ ಮಾಳಿಗೆಯಲ್ಲಿ ವೃತ್ತಾಕಾರದ ಚೌಕಟ್ಟಿನೊಳಗೆ ಬ್ರಹ್ಮನೂ ಸುತ್ತ ದಿಕ್ಪಾಲಕರೂ ಕಾಣಿಸುತ್ತಾರೆ. ಮೊದಲನೆಯ ಗುಹೆಯ ಮಾಳಿಗೆಯಲ್ಲಿ ಸುರುಳಿ ಸುತ್ತಿದ ನಾಗರಾಜನಿದ್ದಾನೆ. ಹಾರುತ್ತಿರುವ ವಿದ್ಯಾಧರ ದಂಪತಿಗಳೂ ಇದ್ದಾರೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಪೂರ್ವ ದಿಕ್ಕಿನ ಮುಖಮಂಟಪದಲ್ಲಿ ನಿಂತು ಮೇಲೆ ನೋಡಿದರೆ ಏಳು ಕುದುರೆಗಳ ರಥವೇರಿದ ಸೂರ್ಯ ನೇರವಾಗಿ ನೆತ್ತಿಯ ಮೇಲಿದ್ದಾನೆ. ಮೂಡಣದಿಂದ ಬೆಳಗಿನ ಬೆಳಕು ಒಳಬರುವ ಬಾಗಿಲಿನಲ್ಲಿಯೇ ಸೂರ್ಯನನ್ನು ಇಟ್ಟದ್ದು ಕಾಕತಾಳೀಯವಾಗಿರಲಾರದು.

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನೂ ಈ ಸಾಲಿಗೆ ಸೇರಿಸಬೇಕು. ರಟ್ಟ ಅರಸರ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಈ ಬಸದಿಗೆ ಆ ಹೆಸರು ಬಂದಿರುವುದು ಮಾಳಿಗೆಯ ನಡುವೆ ಕೆಳಮುಖವಾಗಿ ಅರಳಿರುವ ಕಲ್ಲಿನ ಕಮಲದಿಂದ. ಇವೆಲ್ಲವೂ ಕತ್ತೆತ್ತಿ ನೋಡಬೇಕಾದ ಕೆಲಸಗಳು. ಆದರೆ ಇವುಗಳ ಆಕಾಶ ಮುಚ್ಚಿದ ಆಕಾಶ. ಮೋಡ ಬಂದರೂ ಬದಲಾಗುವುದಿಲ್ಲ.

ಬಯಲಿನಲ್ಲಿಯೇ ನಿಂತು ಆಕಾಶವನ್ನು ಸೂಚಿಸುವ ನಮ್ಮ ಶಿಲ್ಪವೆಂದರೆ ವೀರಗಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ತಳದ ಪಟ್ಟಿಕೆಯಲ್ಲಿ ಹೋರಾಟ, ಅದರ ಮೇಲೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಇನ್ನೂ ಮೇಲೆ ಶಿವಲಿಂಗದ ಸನ್ನಿಧಿ, ಎಲ್ಲಕ್ಕಿಂತ ಮೇಲೆ ಸೂರ್ಯ ಮತ್ತು ಚಂದ್ರ. ಸೂರ್ಯಚಂದ್ರರಿರುವ ತನಕ ಈ ಹೆಸರು ಉಳಿಯಲಿ ಎಂಬುದು ಅದರ ಅರ್ಥ. ಇದನ್ನು ಕೆತ್ತಿದವನು ನೋಡುವವನ ಕಣ್ಣನ್ನು ಮಣ್ಣಿನಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಎಬ್ಬಿಸಿ, ಕಲ್ಲಿನ ತುದಿಯಲ್ಲಿ ಬಿಟ್ಟುಬಿಡುತ್ತಾನೆ. ಆಚೆಗಿರುವುದು ನಿಜವಾದ ಆಕಾಶ. ಆದ್ದರಿಂದ ವೀರಗಲ್ಲುಗಳನ್ನು ಬಯಲಿನಿಂದ ಕಿತ್ತು ಸೂರಿನಡಿಯಲ್ಲಿ ಸಾಲಾಗಿ ಜೋಡಿಸುವುದು ರಕ್ಷಣೆಯ ದೃಷ್ಟಿಯಿಂದ ಅಗತ್ಯವೇ ಆದರೂ, ಅವು ಹೇಳುತ್ತಿದ್ದ ಮಾತಿನ ಕೊನೆಯ ಸಾಲು ಅಲ್ಲಿ ಕೇಳಿಸುವುದಿಲ್ಲ.

ಎತ್ತರದ ಪ್ರತಿಮೆಗಳೂ ನಮ್ಮ ದೃಷ್ಟಿಯನ್ನು ಆಕಾಶಕ್ಕೆ ಒಯ್ಯುತ್ತವಲ್ಲವೇ? ನಮ್ಮ ಶಿವಗಿರಿಯ 85 ಅಡಿಯ ಶಿವನ ಮೂರ್ತಿಯನ್ನು ಇದೇ ಗುಂಪಿಗೆ ಸೇರಿಸಬಹುದೇ? — ವ್ಯಾಪಾರಸ್ಥರು, ವಿಜಯಪುರ

ಸೇರಿಸುವುದು ಕಷ್ಟ, ಮತ್ತು ಇದರಲ್ಲಿ ಮೂರ್ತಿಗೆ ಅಗೌರವವೇನೂ ಇಲ್ಲ. ಎತ್ತರದ ಮೂರ್ತಿಯನ್ನು ನೋಡಲು ತಲೆಯೆತ್ತಿದಾಗ ನಮ್ಮ ದೃಷ್ಟಿ ಮುಖದ ಮೇಲೆ ಹೋಗಿ ನಿಲ್ಲುತ್ತದೆ, ನಿಲ್ಲಬೇಕಾದದ್ದೂ ಅಲ್ಲಿಯೇ. ಹಿಂದಿನ ಆಕಾಶ ಪರದೆಯಾಗಿ ಉಳಿಯುತ್ತದೆ. ಆಕಾಶವನ್ನೇ ನೋಡಿಸಬೇಕೆಂದಿರುವ ಎತ್ತರದ ಶಿಲ್ಪ ತನ್ನ ತುದಿಯಲ್ಲಿ ಕಣ್ಣಿಗೆ ನಿಲ್ಲಲು ಜಾಗ ಕೊಡಬಾರದು.

ರುಮೇನಿಯಾ ದೇಶದ ತಿರ್ಗು ಜಿಯು ಎಂಬ ಊರಿನಲ್ಲಿ ಕಾನ್‌ಸ್ಟಾಂಟಿನ್ ಬ್ರಾಂಕುಸಿ 1938ರಲ್ಲಿ ನಿಲ್ಲಿಸಿದ ‘ಕೊನೆಯಿಲ್ಲದ ಕಂಬ’ ಇದಕ್ಕೆ ಒಳ್ಳೆಯ ಉದಾಹರಣೆ. 29 ಮೀಟರಿಗಿಂತ ತುಸು ಎತ್ತರದ ಆ ಲೋಹದ ಕಂಬದಲ್ಲಿ ಒಂದೇ ಅಳತೆಯ, ನಡು ಉಬ್ಬಿದ ತುಂಡುಗಳು ಒಂದರ ಮೇಲೊಂದು ಏರಿಹೋಗುತ್ತವೆ, ಮತ್ತು ತುದಿಯ ತುಂಡು ಅರ್ಧಕ್ಕೇ ಮುಗಿಯುತ್ತದೆ. ಅರ್ಧ ಉಳಿದದ್ದನ್ನು ಪೂರ್ತಿ ಮಾಡುವುದು ಕಣ್ಣಿನ ಸ್ವಭಾವವಾದ್ದರಿಂದ ನೋಟ ಕಂಬ ಮುಗಿದ ಮೇಲೂ ಮುಂದೆ ಹೋಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಆ ಊರನ್ನು ಕಾಯುತ್ತ ಸತ್ತವರ ನೆನಪಿಗೆ ನಿಲ್ಲಿಸಿದ ಕಂಬವದು, ಅಂದರೆ ಒಂದು ಬಗೆಯ ವೀರಗಲ್ಲು. ಇದೇ ಬ್ರಾಂಕುಸಿಯ ಕಾರ್ಯಾಗಾರದಲ್ಲಿ 1927ರಲ್ಲಿ ಸಹಾಯಕನಾಗಿ ಕೆಲಸ ಕಲಿತ ಯುವಕನೇ ಮುಂದೆ ಬೆಲ್ಲಿಂಗ್‌ಹ್ಯಾಮಿನ ಶಿಲ್ಪವನ್ನು ಮಾಡಿದ ನೊಗುಚಿ.

ಇನ್ನೊಂದು ದಾರಿಯನ್ನು ಹಿಡಿದವರು ವಾಲ್ಟರ್ ಡಿ ಮರಿಯಾ. ಅವರು 1977ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಬಯಲಿನಲ್ಲಿ ಒಂದು ಮೈಲಿ ಉದ್ದ, ಒಂದು ಕಿಲೋಮೀಟರ್ ಅಗಲದ ಜಾಗದಲ್ಲಿ 400 ಸ್ಟೇನ್‌ಲೆಸ್ ಸ್ಟೀಲ್ ಕಂಬಗಳನ್ನು ಸಾಲಾಗಿ ನೆಟ್ಟರು. ನೆಲ ಏರಿಳಿತದ್ದಾದರೂ ಎಲ್ಲ ಕಂಬಗಳ ತುದಿಗಳು ಒಂದೇ ಮಟ್ಟದಲ್ಲಿವೆ. ಅದಕ್ಕಾಗಿ ಪ್ರತಿಯೊಂದು ಕಂಬದ ಉದ್ದವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕಾಯಿತು. ‘ಮಿಂಚಿನ ಬಯಲು’ ಎಂಬ ಹೆಸರು ಕೇಳಿ ಸಿಡಿಲು ನೋಡಲು ಹೋಗುವವರು ಬಹುಪಾಲು ನಿರಾಶರಾಗುತ್ತಾರೆ. ನಡುಹಗಲಿನಲ್ಲಿ ಆ ಕಂಬಗಳು ಇವೆಯೋ ಇಲ್ಲವೋ ಎನ್ನುವಷ್ಟು ಮಸುಕಾಗಿ, ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಉದ್ದಕ್ಕೂ ಹೊಳೆಯುವುದೇ ಅಲ್ಲಿಯ ಮುಖ್ಯ ನೋಟ.

ಬಾರಾ ಕಮಾನಿಗೆ ಸೂರು ಇಲ್ಲದಿರುವುದೇ ಅದರ ಸೊಗಸು ಎಂದು ನನಗೆ ಅನಿಸುತ್ತದೆ. ಇದನ್ನು ಆಕಾಶ ನೋಡುವ ಶಿಲ್ಪ ಎನ್ನಬಹುದೇ? — ಗೃಹಿಣಿ, ವಿಜಯಪುರ

ಉದ್ದೇಶದಿಂದ ಅಲ್ಲ, ಪರಿಣಾಮದಿಂದ ಖಂಡಿತವಾಗಿ ಎನ್ನಬಹುದು. ಎರಡನೆಯ ಅಲಿ ಆದಿಲ್ ಶಾಹಿಯ ಗೋರಿಗೆಂದು ಆರಂಭವಾದ ಈ ಕಟ್ಟಡ ಪೂರ್ಣಗೊಳ್ಳಲಿಲ್ಲ. 1672ರಲ್ಲಿ ಅವನು ತೀರಿಕೊಂಡ. ಕಟ್ಟಡ ಮುಗಿದು ಮೇಲೆ ಗುಮ್ಮಟ ಕೂತಿದ್ದರೆ ಅದೂ ಗೋಳಗುಮ್ಮಟದಂತೆ ತನ್ನ ಒಳಗೊಂದು ಆಕಾಶವನ್ನು ತಾನೇ ಕಟ್ಟಿಕೊಂಡು ಹೊರಗಿನದನ್ನು ಮುಚ್ಚಿಬಿಡುತ್ತಿತ್ತು. ಈಗ ಉಳಿದಿರುವ ಕಪ್ಪು ಕಲ್ಲಿನ ಕಮಾನುಗಳು ಏನನ್ನೂ ಹೊರದೆ ನಿಂತಿರುವುದರಿಂದ, ಒಂದೊಂದು ಕಮಾನೂ ಒಂದೊಂದು ಆಕಾಶದ ತುಂಡನ್ನು ಕತ್ತರಿಸಿ ಕೊಡುತ್ತದೆ. ದೂರದ ರಸ್ತೆಯಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ, ಕಟ್ಟೆಯ ಮೇಲೆ ಹತ್ತಿ ಗೋರಿಗಳ ಬಳಿ ನಿಲ್ಲಬೇಕು. ತೆರವಾದ ಮೇಲ್ಭಾಗವನ್ನು ಒಮ್ಮೆ, ಕಮಾನಿನೊಳಗಿನ ಆಕಾಶವನ್ನು ಒಮ್ಮೆ ಹೋಲಿಸಿ ನೋಡಿದರೆ ನೆತ್ತಿಯ ನೀಲಿಗೂ ಅಂಚಿನ ನೀಲಿಗೂ ಇರುವ ವ್ಯತ್ಯಾಸ ಅಲ್ಲಿಯೇ ಕಾಣುತ್ತದೆ. ಪ್ರವಾಸಿಗರು ಗೋಳಗುಮ್ಮಟಕ್ಕೆ ಅರ್ಧ ದಿನ ಕೊಟ್ಟು ಬಾರಾ ಕಮಾನಿಗೆ ಹತ್ತು ನಿಮಿಷ ಕೊಡುವುದು ನನಗೆ ಯಾವಾಗಲೂ ಅನ್ಯಾಯವೆನಿಸಿದೆ.

ಕಂಡಿಯ ಮೂಲಕ ಕಾಣುವ ಆಕಾಶ ನೇರಳೆ, ಹಸಿರು ಬಣ್ಣಕ್ಕೆ ತಿರುಗಿದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದೆ. ಇದು ಚಿತ್ರವನ್ನು ತಿದ್ದಿ ಮಾಡಿದ್ದೇ? — ವಿದ್ಯಾರ್ಥಿ, ಗೋಕಾಕ

ತಾವು ನೋಡಿದ್ದು ಬಹುಶಃ ಜೇಮ್ಸ್ ಟರೆಲ್ ಎಂಬ ಅಮೆರಿಕದ ಕಲಾವಿದರ ಕೃತಿಯಿರಬೇಕು. 1943ರಲ್ಲಿ ಹುಟ್ಟಿದ ಅವರು ಕಾಲೇಜಿನಲ್ಲಿ ಓದಿದ್ದು ಗ್ರಹಿಕೆಯ ಮನೋವಿಜ್ಞಾನ. ಮಾಳಿಗೆಯಲ್ಲಿ ತೆರಪು ಬಿಟ್ಟ ಕೋಣೆಗಳನ್ನು 1970ರ ದಶಕದಿಂದ ಕಟ್ಟಿಸುತ್ತ ಬಂದಿದ್ದಾರೆ. ಆ ತೆರಪಿನ ಅಂಚನ್ನು ಚಾಕುವಿನ ಬಾಯಿಯಷ್ಟು ತೆಳುವಾಗಿ ಇಳಿಸಿರುವುದರಿಂದ ಮಾಳಿಗೆಯ ದಪ್ಪ ಕಾಣುವುದಿಲ್ಲ, ಆಕಾಶ ಮಾಳಿಗೆಗೆ ಅಂಟಿಸಿದ ಹಾಳೆಯಂತೆ ಹತ್ತಿರ ಬಂದುಬಿಡುತ್ತದೆ. ಮುಸ್ಸಂಜೆಯಲ್ಲಿ ಒಳಗಿನ ಮಾಳಿಗೆಗೆ ಬಣ್ಣದ ಬೆಳಕು ಹಾಯಿಸಿದಾಗ ಕಣ್ಣು ಆ ಬಣ್ಣಕ್ಕೆ ಹೊಂದಿಕೊಂಡು ನಡುವಿನ ಆಕಾಶವನ್ನು ಅದರ ವಿರುದ್ಧ ಬಣ್ಣದ ಕಡೆಗೆ ವಾಲಿಸಿ ನೋಡುತ್ತದೆ. ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಕಟ್ಟಿದ ಕೃತಿಯಲ್ಲಿ ಇದನ್ನು ಸೂರ್ಯೋದಯ ಸೂರ್ಯಾಸ್ತಗಳಿಗೆ ಹೊಂದಿಸಿ ನಡೆಸುವ ಏರ್ಪಾಡಿದೆ. ಚಿತ್ರವನ್ನು ತಿದ್ದಿರಬೇಕೆಂದೇನೂ ಇಲ್ಲ.

ಊರಿನ ವೃತ್ತವೊಂದರಲ್ಲಿ ಷಿಕಾಗೊ ನಗರದಲ್ಲಿರುವಂತೆ ಕನ್ನಡಿಯಂತೆ ಹೊಳೆಯುವ ಸ್ಟೀಲಿನ ಶಿಲ್ಪ ನಿಲ್ಲಿಸಿದರೆ ಆಕಾಶವೇ ಕೆಳಗಿಳಿದಂತೆ ಆಗುವುದಿಲ್ಲವೇ? — ಓದುಗರು, ಬೆಳಗಾವಿ

ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರ ‘ಮೋಡದ ಬಾಗಿಲು’ ತಮ್ಮ ಮನಸ್ಸಿನಲ್ಲಿದೆ. 2006ರಲ್ಲಿ ಪೂರ್ಣಗೊಂಡ, ಹತ್ತು ಮೀಟರ್ ಎತ್ತರ, ಇಪ್ಪತ್ತು ಮೀಟರ್ ಉದ್ದದ ಆ ಕೃತಿಯಲ್ಲಿ 168 ಸ್ಟೇನ್‌ಲೆಸ್ ಸ್ಟೀಲ್ ಫಲಕಗಳನ್ನು ಬೆಸೆದು, ಬೆಸುಗೆಯ ಗೆರೆ ಕಾಣದಂತೆ ಉಜ್ಜಿ ಹೊಳಪು ಕೊಟ್ಟಿದ್ದಾರೆ. ಅದರ ಹೊರಮೈ ಉಬ್ಬಿರುವುದರಿಂದ ಬಿಸಿಲು ಚೆದುರುತ್ತದೆ. ಯಾರಾದರೂ ಒಳಬಾಗಿದ ಕನ್ನಡಿಯನ್ನು ಸೂಚಿಸಿದರೆ ಮಾತ್ರ ತಾವು ತಡೆಯಬೇಕು, ಏಕೆಂದರೆ ಅದು ಬಿಸಿಲನ್ನು ಒಂದೆಡೆ ಕೂಡಿಸುತ್ತದೆ. 2013ರಲ್ಲಿ ಲಂಡನ್ನಿನಲ್ಲಿ ಒಳಬಾಗಿದ ಗಾಜಿನ ಮುಖವಿದ್ದ ಎತ್ತರದ ಕಟ್ಟಡವೊಂದರಿಂದ ಪ್ರತಿಫಲಿಸಿದ ಬಿಸಿಲಿಗೆ, ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿದ್ದ ಕಾರಿನ ಭಾಗಗಳು ಕರಗಿದವು. ಅಲ್ಲಿಯ ಬಿಸಿಲೇ ಹಾಗೆ ಮಾಡಿದರೆ ಉತ್ತರ ಕರ್ನಾಟಕದ ಏಪ್ರಿಲ್ ಬಿಸಿಲಿನ ಬಗ್ಗೆ ಬೇರೆ ಹೇಳಬೇಕಿಲ್ಲ.

ನನ್ನ ಮಟ್ಟಿಗೆ ವಾಹನ ತಿರುಗುವ ವೃತ್ತ ಇದಕ್ಕೆ ತಕ್ಕ ಜಾಗವೇ ಅಲ್ಲ. ನಿಂತು ನೋಡಲಾಗದ ಕಡೆ ಆಕಾಶ ತೋರಿಸಿ ಫಲವಿಲ್ಲ, ಗಾಡಿ ಓಡಿಸುವವನ ಕಣ್ಣಿಗೆ ಪ್ರತಿಫಲನ ಹೊಡೆದರೆ ಅಪಾಯವೂ ಇದೆ. ದೂಳು ಕೂತು ಗೀರು ಬಿದ್ದ ಸ್ಟೀಲು ಕೆಲವು ವರ್ಷಗಳಲ್ಲಿ ಮಂಕಾಗುತ್ತದೆ. ಉದ್ಯಾನವೊಂದರ ನೆರಳಿನ ಮೂಲೆಯಲ್ಲಿ, ನುಣುಪು ಮಾಡಿದ ಕರಿ ಗ್ರಾನೈಟಿನ ಅಗಲವಾದ ದೋಣಿ ಇಟ್ಟು, ನೀರನ್ನು ಅಂಚಿನ ತನಕ ತುಂಬಿದರೆ ಅದೇ ಕೆಲಸ ಎಷ್ಟೋ ಕಡಿಮೆ ವೆಚ್ಚದಲ್ಲಿ ಆಗುತ್ತದೆ. ನೀರಿನ ತಳ ಕಪ್ಪಾಗಿದ್ದಷ್ಟೂ, ನೀರು ಅಂಚಿಗೆ ಸಮನಾಗಿದ್ದಷ್ಟೂ ಪ್ರತಿಬಿಂಬ ಸ್ಪಷ್ಟ. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಗಾಳಿಯಿಲ್ಲದ ಬೆಳಗಿನಲ್ಲಿ ಭೂತನಾಥ ಗುಡಿಯ ಜೊತೆಗೆ ಮೋಡಗಳೂ ನೀರಿನಲ್ಲಿ ಕಾಣುವುದನ್ನು ತಾವು ನೋಡಿರಬಹುದು. ಸೊಳ್ಳೆಗಳಿಗಾಗಿ ವಾರಕ್ಕೊಮ್ಮೆ ನೀರು ಬದಲಿಸುವ ಜವಾಬ್ದಾರಿಯನ್ನು ಯಾರು ಹೊರುತ್ತಾರೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ.

ನಮ್ಮ ಪ್ರೌಢಶಾಲೆಯ ಮೈದಾನದ ಮೂಲೆಯಲ್ಲಿ ಇಂಥದೊಂದು ಶಿಲ್ಪವನ್ನು ಮಕ್ಕಳ ಜೊತೆ ಸೇರಿ ಮಾಡಬೇಕೆಂದಿದೆ. ಹಣ ಬಹಳ ಇಲ್ಲ. ಹೇಗೆ ಆರಂಭಿಸಬೇಕೆಂದು ತಿಳಿಸಬೇಕಾಗಿ ವಿನಂತಿ. — ಚಿತ್ರಕಲಾ ಶಿಕ್ಷಕರು, ಅಥಣಿ ತಾಲ್ಲೂಕು

ಗುರುಗಳೇ, ತಮಗೆ ನೆರವಾಗುವ ಮಾದರಿ ನ್ಯಾನ್ಸಿ ಹೋಲ್ಟ್ ಅವರದು. ಅವರು 1973ರಿಂದ 1976ರ ನಡುವೆ ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ, 18 ಅಡಿ ಉದ್ದ, ಸುಮಾರು ಒಂಬತ್ತು ಅಡಿ ವ್ಯಾಸದ ನಾಲ್ಕು ಕಾಂಕ್ರೀಟ್ ಕೊಳವೆಗಳನ್ನು ಅಡ್ಡಲಾಗಿ ಮಲಗಿಸಿ ‘ಸೂರ್ಯ ಸುರಂಗಗಳು’ ಎಂಬ ಕೃತಿಯನ್ನು ಮಾಡಿದರು. ಜೂನ್ ಮತ್ತು ಡಿಸೆಂಬರ್ ತಿಂಗಳ ಅಯನ ಬದಲಾಗುವ ದಿನಗಳಲ್ಲಿ ಹುಟ್ಟುವ, ಮುಳುಗುವ ಸೂರ್ಯ ಕೊಳವೆಗಳ ಬಾಯಿಯಲ್ಲಿ ಕಾಣುತ್ತಾನೆ. ಕೊಳವೆಗಳ ಬೆನ್ನಿನಲ್ಲಿ ನಾಲ್ಕು ನಕ್ಷತ್ರಪುಂಜಗಳ ಆಕಾರದಲ್ಲಿ 7ರಿಂದ 10 ಅಂಗುಲ ವ್ಯಾಸದ ರಂಧ್ರಗಳಿವೆ. ಹಗಲಿನಲ್ಲಿ ಬಿಸಿಲು ಅವುಗಳ ಮೂಲಕ ಇಳಿದು ಒಳಗಿನ ಕತ್ತಲೆಯಲ್ಲಿ ನಕ್ಷತ್ರಗಳನ್ನು ಬರೆಯುತ್ತದೆ. ತಮಗೆ ಇಷ್ಟು ದೊಡ್ಡದು ಬೇಕಿಲ್ಲ. ರಸ್ತೆಯ ಅಡಿ ನೀರು ಹಾಯಿಸಲು ಹಾಕುವ, ನಾಲ್ಕು ಅಡಿ ವ್ಯಾಸದ ಒಂದು ಸಿಮೆಂಟ್ ಪೈಪು ಸಾಕು. ಮಕ್ಕಳು ಅದರೊಳಗೆ ಕುಳಿತು ನೋಡಬಹುದು.

ಆದರೆ ಹೋಲ್ಟ್ ಅವರ ಕೋನಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ, ಅವು ಆ ಅಕ್ಷಾಂಶಕ್ಕೆ ಸಲ್ಲುವಂಥವು. ಅಲ್ಲಿ ಜೂನ್ 21ರ ಸೂರ್ಯ ನೇರ ಪೂರ್ವದಿಂದ ಸುಮಾರು 32 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ. ಅಥಣಿಯಲ್ಲಿ ಅದು 24.5 ಡಿಗ್ರಿ ಮಾತ್ರ. ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಧ್ರುವ ನಕ್ಷತ್ರದ ಕಡೆಗೆ ಕೊಳವೆ ತಿರುಗಿಸುವ ಆಸೆಯನ್ನೂ ಬಿಡುವುದು ಒಳ್ಳೆಯದು. ಬೆಲ್ಲಿಂಗ್‌ಹ್ಯಾಮಿನಲ್ಲಿ ಅದು ಆಕಾಶದ ಅರ್ಧಕ್ಕಿಂತ ಮೇಲಿದೆ, ನಮ್ಮಲ್ಲಿ ದಿಗಂತದಿಂದ 17 ಡಿಗ್ರಿಯಷ್ಟೇ ಎತ್ತರ, ಶಾಲೆಯ ಕಾಂಪೌಂಡಿನ ಆಚೆಯ ಬೇವಿನ ಮರವೇ ಅದನ್ನು ಮರೆಮಾಡಬಹುದು.

ದಿಕ್ಕು ಹಿಡಿಯಲು ದಿಕ್ಸೂಚಿಯನ್ನು ನಂಬಬೇಡಿ, ಪೈಪಿನೊಳಗಿನ ಕಬ್ಬಿಣದ ಸರಳುಗಳು ಅದರ ಮುಳ್ಳನ್ನು ತಿರುಗಿಸುತ್ತವೆ. ಯಜ್ಞವೇದಿಗಳ ಅಳತೆ ಹೇಳುವ ಹಳೆಯ ಗ್ರಂಥವಾದ ಕಾತ್ಯಾಯನ ಶುಲ್ಬಸೂತ್ರದಲ್ಲಿಯೇ ಇರುವ ಶಂಕುವಿನ ವಿಧಾನ ಮಕ್ಕಳಿಗೂ ಪಾಠವಾಗುತ್ತದೆ: ಸಮತಟ್ಟು ನೆಲದಲ್ಲಿ ನೇರವಾಗಿ ಒಂದು ಕೋಲು ನೆಟ್ಟು, ಅದರ ಸುತ್ತ ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಬಿಂದುವನ್ನೂ ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟುವ ಬಿಂದುವನ್ನೂ ಗುರುತಿಸಿ ಸೇರಿಸಿದರೆ ಪೂರ್ವ ಪಶ್ಚಿಮದ ಗೆರೆ ಸಿಗುತ್ತದೆ. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಎರಡೂವರೆ ಮೀಟರ್ ಉದ್ದದ, ನಾಲ್ಕು ಅಡಿ ವ್ಯಾಸದ ಪೈಪಿನ ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿಯ ಬಾಯಿ ಸುಮಾರು 27 ಡಿಗ್ರಿ ಅಗಲವಾಗಿ ಕಾಣುತ್ತದೆ; ಸೂರ್ಯನ ಅಗಲ ಅರ್ಧ ಡಿಗ್ರಿ. ಆದ್ದರಿಂದ ಸೂರ್ಯ ಅದರಲ್ಲಿ ವಾರಗಟ್ಟಲೆ ಕಾಣಿಸುತ್ತಾನೆ, ಒಂದೇ ದಿನದ ಪವಾಡವೆಂದು ಫಲಕ ಬರೆಸಬಾರದು. ಸೂರ್ಯನನ್ನು ನೇರವಾಗಿ ದಿಟ್ಟಿಸದಂತೆ, ಒಳಗೆ ಬಿದ್ದ ಬೆಳಕನ್ನು ಮಾತ್ರ ನೋಡುವಂತೆ ಮಕ್ಕಳಿಗೆ ಮೊದಲ ದಿನವೇ ಹೇಳಿರಿ.

ಈ ಕಾರಣಕ್ಕೆ ಪೈಪಿನ ಬಾಯಿಗಿಂತ ಅದರ ಬೆನ್ನಿನ ರಂಧ್ರಗಳ ಮೇಲೆ ಹೆಚ್ಚು ಗಮನ ಕೊಡಬೇಕೆಂದು ನನ್ನ ಸಲಹೆ. ಅಥಣಿಯ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ, ಮೇ 7ರ ಮತ್ತು ಆಗಸ್ಟ್ 5ರ ಆಸುಪಾಸಿನಲ್ಲಿ, ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ನೆಟ್ಟಗೆ ಕೊರೆದ ರಂಧ್ರದ ಬೆಳಕು ಸರಿಯಾಗಿ ಅದರ ಕೆಳಗೇ ಬೀಳುತ್ತದೆ. ಯೂಟಾದಲ್ಲಿ ಇದು ಯಾವ ದಿನವೂ ಸಾಧ್ಯವಿಲ್ಲ, ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕೆ ಸೂರ್ಯ ನೆತ್ತಿಗೆ ಬರುವುದೇ ಇಲ್ಲ.

ರಂಧ್ರಗಳ ಆಕಾರಕ್ಕೆ ಮಿರಗದ ಮಳೆಯ ಮೃಗಶಿರಾ ನಕ್ಷತ್ರವನ್ನೂ ಹಿಂಗಾರಿನ ಹಸ್ತ ನಕ್ಷತ್ರವನ್ನೂ ಆರಿಸಿಕೊಳ್ಳಬಹುದು. ಮಳೆಗೆ ಒಂದು ನಕ್ಷತ್ರದ ಹೆಸರು ಬರುವುದು ಸೂರ್ಯ ಆಗ ಆ ನಕ್ಷತ್ರದಲ್ಲಿರುವುದರಿಂದ. ಹಾಗಾಗಿ ಜೂನ್ 7 ಅಥವಾ 8ಕ್ಕೆ ಮಿರಗ ಕೂಡಿದಾಗ ರಾತ್ರಿ ಎಷ್ಟು ಹುಡುಕಿದರೂ ಮೃಗಶಿರಾ ಕಾಣುವುದಿಲ್ಲ. ಅದು ಹಗಲು ಹೊತ್ತು ಸೂರ್ಯನ ಬೆಳಕಿನ ಹಿಂದೆ ಅಡಗಿ ನಮ್ಮ ಮೇಲೆಯೇ ಹಾದುಹೋಗುತ್ತಿರುತ್ತದೆ. ಅದೇ ಎರಡು ವಾರಗಳಲ್ಲಿ ಮೋಡ ಬಿಡುವು ಕೊಟ್ಟ ಮಧ್ಯಾಹ್ನ, ನೆತ್ತಿಯಿಂದ ಆರೇ ಡಿಗ್ರಿ ಉತ್ತರಕ್ಕಿರುವ ಸೂರ್ಯನ ಬೆಳಕು ಮೃಗಶಿರಾ ಆಕಾರದ ರಂಧ್ರಗಳಿಂದ ಪೈಪಿನ ತಳಕ್ಕೆ ಇಳಿದರೆ, ಕಾಣದ ನಕ್ಷತ್ರವನ್ನು ಅದನ್ನು ಮರೆಮಾಡಿದ ಸೂರ್ಯನೇ ಬರೆದು ತೋರಿಸಿದಂತಾಗುತ್ತದೆ. ಹಸ್ತಕ್ಕೆ ಐದು ನಕ್ಷತ್ರಗಳು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಹತ್ತರ ತನಕ ಅದರ ಸರದಿ. ಜಮಖಂಡಿಯ ರೈತರ ಪತ್ರ ಓದಿದಾಗ ಹೊಳೆದದ್ದು ಇದು. ಮಕ್ಕಳ ಮನೆಗಳಲ್ಲಿ ಈ ಹೆಸರುಗಳನ್ನು ಕೇಳದವರು ಯಾರೂ ಇರಲಾರರು.

ರಂಧ್ರಗಳನ್ನು ಪೈಪು ತಂದ ಮೇಲೆ ಉಳಿ ಸುತ್ತಿಗೆಯಿಂದ ಒಡೆಯಬಾರದು, ಸರಳು ತುಂಡಾದರೆ ಬಿರುಕು ಬರುತ್ತದೆ. ಪೈಪು ತಯಾರಿಸುವವರ ಹತ್ತಿರ ಮಾತನಾಡಿ, ಸರಳಿನ ಜಾಗ ತಿಳಿದುಕೊಂಡು ಕೋರ್ ಕಟಿಂಗ್ ಯಂತ್ರದಿಂದಲೇ ಕೊರೆಸಿರಿ. ರಂಧ್ರದ ವ್ಯಾಸ ಎರಡು ಅಂಗುಲದಷ್ಟಿದ್ದರೆ ಸಾಕು. ಪೈಪು ಉರುಳದಂತೆ ಎರಡೂ ಬದಿಗೆ ಕಾಂಕ್ರೀಟ್ ಆಧಾರ ಹಾಕಿಸಬೇಕು, ಒಳಗೆ ನೀರು ನಿಲ್ಲದಂತೆ ಒಂದು ಕಡೆಗೆ ತುಸು ಇಳಿಜಾರು ಕೊಡಬೇಕು, ಎರಡೂ ಬಾಯಿಗಳನ್ನು ತೆರೆದೇ ಇಟ್ಟು ಹಾವು ಚೇಳು ಸೇರದಂತೆ ಸುತ್ತಲಿನ ಕಸ ತೆಗೆಸುತ್ತಿರಬೇಕು. ಒಳಮೈಗೆ ಸುಣ್ಣ ಬಳಿಯಬೇಡಿ. ಬೆಳಕಿನ ಚುಕ್ಕಿ ಎದ್ದು ಕಾಣಲು ಸಿಮೆಂಟಿನ ಬೂದು ಬಣ್ಣವೇ ಸರಿ. ಮೊದಲು ರಟ್ಟಿನ ಕೊಳವೆಯಲ್ಲಿ ರಂಧ್ರ ಕೊರೆದು, ಒಂದು ಬಿಸಿಲಿನ ದಿನ ಮೈದಾನದಲ್ಲಿಟ್ಟು, ಬೆಳಕು ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ಮಕ್ಕಳಿಂದ ಗಂಟೆಗಂಟೆಗೆ ಗುರುತು ಹಾಕಿಸಿರಿ. ಆ ಗುರುತುಗಳ ನಕ್ಷೆಯನ್ನು ಈ ಅಂಕಣಕ್ಕೆ ಕಳುಹಿಸಿದರೆ ಪೈಪಿಗೆ ಹಣ ಕೊಡುವ ಮುನ್ನ ಒಮ್ಮೆ ನೋಡಿ ಹೇಳುತ್ತೇನೆ.